‘ಲಾರಿ ಪಕ್ಕ ನಿಂತಿರಿ’ ಅಂದರು

“ಅಲ್ಲಾ, ತಿನ್ನೋಕೂ ಒಬ್ಬ ಗೈಡ್ ಬೇಕಾ?” ಅಂತ ನಮ್ಮ ಮನೆಯವರು ಕೇಳುವ ಹೊತ್ತಿಗೆ ನಾನು ದುಡ್ಡು ಕಟ್ಟಿ ಆಗಿತ್ತು. ತಲೆಗೆ 1,200 ರೂಪಾಯಿ. ದಾವಣಗೆರೆಯವರಿಗೆ ಆ ದುಡ್ಡನ್ನು ಬೆಣ್ಣೆ ದೋಸೆ ಲೆಕ್ಕಕ್ಕೆ ಇಳಿಸದೆ ಸಮಾಧಾನ ಆಗುವುದಿಲ್ಲ. ಅವರು ಇಳಿಸಿದರು, ನಾನು ಕೇಳಿಸಿಕೊಳ್ಳಲಿಲ್ಲ.

ಅವರ ಅಕ್ಕನ ಮಗ ಅಹಮದಾಬಾದಿನಲ್ಲಿ ಕೆಲಸಕ್ಕಿದ್ದಾನೆ. ಜನವರಿಯಲ್ಲಿ ಅವನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಕಾರ್ಯಕ್ರಮ ಮುಗಿದ ಮೇಲೆ ಎರಡು ದಿನ ಖಾಲಿ. ಸಾಬರಮತಿ ಆಶ್ರಮ ನೋಡಿಯಾಗಿತ್ತು. ಉಳಿದದ್ದು ಹಳೇ ಊರು. ಅಲ್ಲಿ ಗೈಡ್ ಜೊತೆ ಸಂಜೆ ಐದಕ್ಕೆ ಹೊರಟು ರಾತ್ರಿ ಹತ್ತರವರೆಗೆ ನಡೆಯುತ್ತಾ ತಿನ್ನುವ ಟೂರ್ ಅಂತ ಇತ್ತು.

ಗೈಡ್ ಕಡೆಯಿಂದ ಬೆಳಗ್ಗೆಯೇ ಮೆಸೇಜ್ ಬಂತು: ಕಾಲುಪುರದ ಸ್ವಾಮಿನಾರಾಯಣ ದೇವಸ್ಥಾನದ ಹತ್ತಿರ ಚಹಾದ ಲಾರಿ ಪಕ್ಕ ನಿಂತಿರಿ. ನಾವು ಹೋಗಿ ನೋಡಿದರೆ ಈರುಳ್ಳಿ ಇಳಿಸುತ್ತಿದ್ದ ಒಂದು ಲಾರಿ ಸಿಕ್ಕಿತು. ಚಹಾಪುಡಿ ಸಾಗಿಸುವ ಲಾರಿ ಇನ್ನೂ ಬಂದಿಲ್ಲ ಅಂದುಕೊಂಡು ಅಲ್ಲೇ ನಿಂತೆವು. ಹತ್ತು ನಿಮಿಷ ಆಯಿತು. ಹಮಾಲರು ಎರಡು ಸಲ ಪಕ್ಕಕ್ಕೆ ಸರಿಸಿದರು. ಕೊನೆಗೆ ಗೈಡ್ ಹೆಂಗಸೇ ರಸ್ತೆಯ ಆ ಕಡೆಯಿಂದ ಕೈ ಬೀಸಿದರು. ಗುಜರಾತಿಯಲ್ಲಿ ಲಾರಿ ಅಂದರೆ ತಳ್ಳುಗಾಡಿ! ನಮ್ಮೆದುರಿಗೇ ಚಹಾದ ಗಾಡಿ ಒಂದು ಹೊಗೆಯಾಡುತ್ತಾ ನಿಂತಿತ್ತು.

ಅವರಿಗೆ ಸುಮಾರು ಐವತ್ತೈದು ವಯಸ್ಸು. ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ನನ್ನನ್ನು ‘ಬೆನ್’, ಇವರನ್ನು ‘ಭಾಯ್’ ಅಂದರು, ನಮ್ಮ ಕಡೆ ಅಕ್ಕ, ಅಣ್ಣ ಅಂದ ಹಾಗೆ. ನಮ್ಮ ಜೊತೆ ಪುಣೆಯ ಇಬ್ಬರು ಹುಡುಗಿಯರು, ಕೊಲ್ಕತ್ತಾದ ಒಬ್ಬ ಮೇಷ್ಟರು.

ಲಾರಿಯ ಕಥೆ ಕೇಳಿ ನಕ್ಕು ಮುಗಿಸಿದ ಮೇಲೆ ಆಕೆ ಹೇಳಿದ್ದು ಮಾತ್ರ ನಗುವ ವಿಷಯ ಆಗಿರಲಿಲ್ಲ. ಅಹಮದಾಬಾದಿನಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾದದ್ದು 1861ರಲ್ಲಿ. ಆಮೇಲೆ ಗಿರಣಿಗಳ ಸಾಲೇ ಎದ್ದಿತು. 1980ರ ದಶಕದಿಂದ ಒಂದೊಂದಾಗಿ ಮುಚ್ಚಿದವು. ಸಾವಿರಾರು ಜನರ ಕೆಲಸ ಹೋಯಿತು. ಅವರಲ್ಲಿ ಎಷ್ಟೋ ಜನ ಕೈಗೆ ಸಿಕ್ಕ ದುಡ್ಡಿನಲ್ಲಿ ಲಾರಿ ಹಾಕಿಕೊಂಡು ಚಹಾ, ತರಕಾರಿ, ತಿಂಡಿ ಮಾರಲು ನಿಂತರಂತೆ. “ನಮ್ಮಪ್ಪನೂ ಅಷ್ಟೇ, ಮಗ್ಗ ಬಿಟ್ಟು ಬಾಣಲೆ ಹಿಡಿದರು” ಅಂದರು. ನಾನು ಸುಮ್ಮನಾದೆ. ಆ ಊರನ್ನು ಭಾರತದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು, ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ. ನಮ್ಮಜ್ಜನೂ ಗಿರಣಿಯವರು. ಗಿರಣಿ ನಿಂತ ಮೇಲೂ ಎಷ್ಟೋ ವರ್ಷ ಪಾಳಿಯ ಹೊತ್ತಿಗೆ ಎದ್ದು ಕೂರುತ್ತಿದ್ದರು.

ಹಳೇ ಊರಿನ ಓಣಿಗಳಿಗೆ ಅಲ್ಲಿ ‘ಪೋಳ್’ ಅನ್ನುತ್ತಾರೆ. ಒಂದೇ ಬಾಗಿಲು, ಒಳಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಮರದ ಕೆತ್ತನೆಯ ಕಂಬಗಳು, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೊಂದು ಪುಟ್ಟ ಮಂಟಪ. 2017ರಲ್ಲಿ ಯುನೆಸ್ಕೋ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆದರೂ ಮನೆಗಳ ಮುಂದೆ ಬಟ್ಟೆ ಒಣಗಿಹಾಕಿರುವುದು, ಸ್ಕೂಟರ್ ಅಡ್ಡ ನಿಲ್ಲಿಸಿರುವುದು ಎಲ್ಲಾ ನಮ್ಮ ಹಳೇ ಪೇಟೆಯ ಹಾಗೇ.

ಒಂದು ಮನೆಯ ನಡುವಿನ ಅಂಗಳಕ್ಕೆ ಕರೆದುಕೊಂಡು ಹೋದರು. ಕಲ್ಲು ಹಾಸಿನಲ್ಲಿ ಒಂದು ಸಣ್ಣ ಮುಚ್ಚಳ. ಮನೆಯ ಅಜ್ಜಿ ಅದನ್ನು ತೆಗೆದು ಟಾರ್ಚ್ ಬಿಟ್ಟರು. ಕೆಳಗೆ ಒಂದು ಕೋಣೆಯಷ್ಟು ದೊಡ್ಡ ನೀರಿನ ತೊಟ್ಟಿ! ‘ಟಾಂಕಾ’ ಅಂತ ಹೆಸರು. ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಬಿದ್ದ ನೀರು ಕೊಳವೆಯಲ್ಲಿ ಇಳಿದು ಇಲ್ಲಿ ನಿಲ್ಲುತ್ತದೆ. ಬೆಳಕು, ಗಾಳಿ ತಾಗದ ಕಾರಣ ವರ್ಷವಿಡೀ ಕೆಡುವುದಿಲ್ಲ. ಬೋರ್ ನೀರು ಗಡಸು, ಅದರಲ್ಲಿ ಬೇಳೆ ಬೇಯೋದಿಲ್ಲ, ಚಹಾಕ್ಕೆ ರುಚಿ ಬರೋದಿಲ್ಲ ಅಂತ ಅಜ್ಜಿಯ ತಕರಾರು. ನಮಗೆ ಟಾಂಕಾ ನೀರಿನ ಚಹಾ ಕೊಟ್ಟರು. ಶುಂಠಿ, ಸಕ್ಕರೆ ಎರಡೂ ಜಾಸ್ತಿ. ನೀರಿನ ರುಚಿ ನನಗಂತೂ ತಿಳಿಯಲಿಲ್ಲ. ಬೇಳೆಯ ಮಾತು ಮಾತ್ರ ಥಟ್ಟನೆ ತಿಳಿಯಿತು, ನಮ್ಮ ಮನೆಯ ಬೋರ್ ನೀರಿನಲ್ಲಿ ಕುಕ್ಕರ್ ಏಳು ಸೀಟಿ ಕೂಗಬೇಕು.

ಖಮಣ್ ಬೇರೆ, ಢೋಕ್ಲಾ ಬೇರೆ ಅಂತ ಅರ್ಧ ಗಂಟೆ ಪಾಠ ಆಯಿತು. ಕಡಲೆಯದು ಹಳದಿ ಖಮಣ್, ಅಕ್ಕಿ ಬೇಳೆ ಹುದುಗಿಸಿದ್ದು ಬಿಳಿ ಢೋಕ್ಲಾ. ನಮ್ಮೂರ ಬೇಕರಿಗಳಲ್ಲಿ ಇಷ್ಟು ದಿನ ಖಮಣ್ ಅನ್ನೇ ಢೋಕ್ಲಾ ಅಂತ ತಿಂದಿದ್ದೇವೆ. ಇರಲಿ ಬಿಡಿ.

ನಾನು ಆ ದಿನ ಮರೆಯದ ತಿಂಡಿ ಖೀಚು. ಓಣಿಯ ಮೂಲೆಯಲ್ಲಿ ಒಬ್ಬರು ದೊಡ್ಡ ಅಲ್ಯುಮಿನಿಯಂ ಪಾತ್ರೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ಬಿಳಿ ಹಿಟ್ಟು ತಿರುವುತ್ತಿದ್ದರು. ಹಬೆಯ ಜೊತೆ ಜೀರಿಗೆ, ಹಸಿಮೆಣಸಿನಕಾಯಿ ವಾಸನೆ. ಅಕ್ಕಿ ಹಿಟ್ಟು, ನೀರು, ಉಪ್ಪು, ಚಿಟಿಕೆ ಹಪ್ಪಳಖಾರ, ಅಂದರೆ ಹಪ್ಪಳಕ್ಕೆ ಹಾಕುವ ಸೋಡಾದಂಥ ಪುಡಿ. ಪೇಪರ್ ತಟ್ಟೆಗೆ ಒಂದು ಮುದ್ದೆ ಹಾಕಿ, ನಡುವೆ ಹೆಬ್ಬೆರಳಿನಷ್ಟು ಗುಳಿ ಮಾಡಿ, ಅದರ ತುಂಬ ಶೇಂಗಾ ಎಣ್ಣೆ ಹುಯ್ದರು. ಮೇಲೆ ಕೆಂಪಗೆ ಮೆಂತ್ಯದ ಪುಡಿ. ಬಾಯಿಗಿಟ್ಟರೆ ಅದು ನಮ್ಮ ಸಂಡಿಗೆ ಹಿಟ್ಟು! ಬೇಸಿಗೆಯಲ್ಲಿ ಅಜ್ಜಿ ಮಾಳಿಗೆ ಮೇಲೆ ಸೀರೆ ಹಾಸಿ ಸಂಡಿಗೆ ಇಡುವಾಗ ನಾವು ಮಕ್ಕಳು ಕಾಗೆ ಓಡಿಸುವ ನೆಪದಲ್ಲಿ ಕೂತು ಅರ್ಧ ಹಿಟ್ಟು ಖಾಲಿ ಮಾಡುತ್ತಿದ್ದೆವಲ್ಲ, ಅದೇ. ನಾವು ಕದ್ದು ತಿಂದು ಬೈಸಿಕೊಂಡದ್ದನ್ನು ಇವರು ತಟ್ಟೆಗೆ ಹಾಕಿ ಮಾರುತ್ತಾರೆ. ನಮ್ಮ ಮನೆಯವರು ಮಾತಾಡದೆ ಇನ್ನೊಂದು ತಟ್ಟೆ ತೆಗೆದುಕೊಂಡರು. ಅದು ಪ್ಯಾಕೇಜಿನಲ್ಲಿ ಇರಲಿಲ್ಲ.

ಎಂಟು ಗಂಟೆಗೆ ಮಾಣೆಕ್ ಚೌಕ ತಲುಪಿದೆವು. ಒಂದು ಪಕ್ಕದಲ್ಲಿ ಊರು ಕಟ್ಟಿದ ಅಹಮದ್ ಶಾಹನ ಗೋರಿ, ಇನ್ನೊಂದು ಪಕ್ಕದಲ್ಲಿ ರಾಣಿಯರ ಗೋರಿ. ನಡುವಿನ ಚೌಕದಲ್ಲಿ ಬೆಳಗ್ಗೆ ತರಕಾರಿ, ಹಗಲು ಚಿನ್ನ ಬೆಳ್ಳಿ, ರಾತ್ರಿ ತಿಂಡಿ. ನಾವು ಹೋದಾಗ ಚಿನ್ನದ ಅಂಗಡಿಗಳ ಶಟರ್ ಒಂದೊಂದಾಗಿ ಇಳಿಯುತ್ತಿತ್ತು. ಅರ್ಧ ಗಂಟೆಯಲ್ಲಿ ಎಲ್ಲಿಂದಲೋ ಲಾರಿಗಳು ಬಂದವು, ತಳ್ಳುವ ಲಾರಿಗಳು. ಟೇಬಲ್, ಸ್ಟೂಲು, ಗ್ಯಾಸ್ ಸಿಲಿಂಡರ್, ಮಂಚದಷ್ಟು ಅಗಲದ ಕಾವಲಿ. ರಾತ್ರಿಯೆಲ್ಲಾ ಜನ ಓಡಾಡುತ್ತಿದ್ದರೆ ಕಳ್ಳರು ಬರೋದಿಲ್ಲ ಅಂತ ಚಿನ್ನದವರೂ ಇದಕ್ಕೆ ಖುಷಿಯಂತೆ.

ಚೌಕಕ್ಕೆ ಹೆಸರು ಬಂದದ್ದು ಮಾಣೆಕ್‌ನಾಥ ಅನ್ನುವ ಬಾಬಾನಿಂದ. 1411ರಲ್ಲಿ ಊರು ಕಟ್ಟಲು ಹೊರಟಾಗ ಸುಲ್ತಾನನ ಜನ ಹಗಲು ಕೋಟೆ ಗೋಡೆ ಏರಿಸುತ್ತಿದ್ದರಂತೆ. ಬಾಬಾ ಹಗಲು ಒಂದು ಚಾಪೆ ಹೆಣೆದು, ರಾತ್ರಿ ಅದನ್ನು ಬಿಚ್ಚುತ್ತಿದ್ದನಂತೆ. ಚಾಪೆ ಬಿಚ್ಚಿದ ಕೂಡಲೇ ಗೋಡೆ ಕುಸಿಯುತ್ತಿತ್ತಂತೆ. ಕಥೆ ಕೇಳುತ್ತಾ ನಾನು ಎದುರಿಗೆ ಸ್ಟೂಲು ಜೋಡಿಸುತ್ತಿದ್ದ ಹುಡುಗನನ್ನೇ ನೋಡುತ್ತಿದ್ದೆ. ಬೆಳಗಾಗುವುದರೊಳಗೆ ಅವನೂ ಎಲ್ಲಾ ಬಿಚ್ಚಿಕೊಂಡು ಹೋಗಬೇಕು.

ಪಾವ್‌ಭಾಜಿ ಹೇಳಿದರೆ ಮೊದಲ ಪ್ರಶ್ನೆ “ಜೈನ್ ಯಾ ರೆಗ್ಯುಲರ್?” ಜೈನ್ ಅಂದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲ. ಆಲೂಗಡ್ಡೆಯ ಬದಲು ಬಾಳೆಕಾಯಿ. ಚೆನ್ನಾಗಿಯೇ ಇತ್ತು. “ಕಟ್ಟುನಿಟ್ಟಾದವರು ಸೂರ್ಯ ಮುಳುಗಿದ ಮೇಲೆ ಊಟವನ್ನೇ ಮಾಡೋದಿಲ್ಲ, ಆದರೂ ರಾತ್ರಿ ಹನ್ನೊಂದಕ್ಕೆ ಜೈನ್ ಪಾವ್‌ಭಾಜಿಗೆ ರಶ್ಶು” ಅಂತ ಗೈಡ್ ಬೆನ್ ಕಣ್ಣು ಮಿಟುಕಿಸಿದರು.

ದೋಸೆಯ ವಿಷಯಕ್ಕೆ ಬರೋಣ. ಬೇಡ ಅಂತ ಆಕೆ ಹೇಳಿದ್ದರು. ಇವರು ಕೇಳಲಿಲ್ಲ. ಕಾವಲಿ ಮೇಲೆ ಹಿಟ್ಟು ಹರಡಿ, ಬೆಣ್ಣೆ, ಟೊಮೆಟೊ, ಕ್ಯಾಪ್ಸಿಕಂ, ಸಾಸ್ ಹಾಕಿ ಅಲ್ಲೇ ಜಜ್ಜಿ, ಮೇಲೆ ದೋಸೆಯೇ ಕಾಣದಷ್ಟು ಚೀಸ್ ತುರಿದು ಕೊಟ್ಟರು. ನೂರಾರು ಜನ ಖುಷಿಯಿಂದ ತಿನ್ನುತ್ತಿದ್ದರು, ಅವರ ಊರು, ಅವರ ದೋಸೆ. ಆದರೆ ನಾನು ದಾವಣಗೆರೆಯವಳು, ಸುಳ್ಳು ಹೇಳಲಾರೆ. ಹುಳಿ ಬಂದ ಹಿಟ್ಟಿಗೆ ಮಾಡಬಾರದ್ದು ಅದು. ಅನಾನಸ್ ಸ್ಯಾಂಡ್‌ವಿಚ್ ಮೇಲೂ ಚೀಸ್. ಅದು ಮಾತ್ರ, ಆಶ್ಚರ್ಯ ನೋಡಿ, ಹಿಡಿಸಿತು. ಇವರ ಸ್ಯಾಂಡ್‌ವಿಚ್ಚಿನ ಚೀಸು ಅರ್ಧ ನೆಲಕ್ಕೇ ಹೋಯಿತು.

ಒಂದು ಬೇಜಾರು ಇದೆ. ತೀನ್ ದರ್ವಾಜಾದ ಹತ್ತಿರ ಭಟಿಯಾರ್ ಗಲ್ಲಿ ಅಂತ ಇದೆ, ಮಾಂಸದ ಅಡುಗೆಗೆ ಹೆಸರಾದ ಬೀದಿ. ಕೊಲ್ಕತ್ತಾದ ಮೇಷ್ಟರು ಕೇಳಿಯೇ ಕೇಳಿದರು. “ನಮ್ಮದು ವೆಜ್ ಟೂರ್” ಅಂತ ಉತ್ತರ. ನಾನು ತಿನ್ನುವವಳಲ್ಲ. ಆದರೂ ಊರಿನ ಊಟ ತೋರಿಸ್ತೀವಿ ಅಂತ ದುಡ್ಡು ತೆಗೆದುಕೊಂಡು ಆ ಬೀದಿಯ ವಾಸನೆಯನ್ನೂ ತೋರಿಸದಿದ್ದರೆ ಹೇಗೆ? ಮೇಷ್ಟರು ಹತ್ತು ಗಂಟೆಗೆ ಎಲ್ಲರಿಗೂ ನಮಸ್ಕಾರ ಹೇಳಿ ಆ ದಿಕ್ಕಿಗೇ ನಡೆದರು.

ಹೊರಡುವಾಗ ಬೆನ್ ಒಂದು ಮಾತು ಹೇಳಿದ್ದರು. ಚೌಕದಲ್ಲಿ ಕಸ ಗುಡಿಸಿ, ಆ ಧೂಳನ್ನು ತೊಳೆದು ಚಿನ್ನದ ಚೂರು ತೆಗೆಯುವವರಿದ್ದಾರೆ, ‘ಧೂಳ್ ಧೋಯಾ’ ಅಂತ. ನಮ್ಮ ಕನ್ನಡದ ಹಳೇ ಮಾತು ‘ಜಲಗಾರ’ ಅಂದರೆ ಇದೇ ಅಲ್ವಾ ಅಂತ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಆರಕ್ಕೆ ಆಟೋ ಹಿಡಿದೆ. ಇವರೂ ಗೊಣಗುತ್ತಾ ಬಂದರು.

ಒಂದು ಸ್ಟೂಲೂ ಉಳಿದಿರಲಿಲ್ಲ. ಶಟರ್ ಹಾಕಿದ ಅಂಗಡಿಯ ಮೆಟ್ಟಿಲಲ್ಲಿ ಒಬ್ಬ ಕುಕ್ಕರುಗಾಲಲ್ಲಿ ಕೂತು, ಬ್ರಷ್ಷಿನಲ್ಲಿ ಕಲ್ಲಿನ ಸಂದುಗಳನ್ನು ಕೆರೆದು ಕೆರೆದು ಧೂಳನ್ನು ತಟ್ಟೆಗೆ ತುಂಬುತ್ತಿದ್ದ. ಇವರು ಸುಮಾರು ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಮೂಗುತಿ ತಿರುಪು ಗಟ್ಟಿ ಮಾಡ್ಕೋ” ಅಂದರು.