ಒಯಂತೈತಾಂಬೊ: ದಾರಿಯಲ್ಲೇ ಉಳಿದ ಕಲ್ಲುಗಳು

ಪೆರುವಿಗೆ ಬರುವ ನಮ್ಮವರಿಗೆಲ್ಲ ಬೆಟ್ಟದ ಮೇಲಿನ ಪಾಳುಬಿದ್ದ ಹಳೇ ಊರು ಮಾಚು ಪಿಚು ನೋಡುವ ಆಸೆ. ರೈಲು ಹತ್ತಲು ಒಯಂತೈತಾಂಬೊಗೆ ಬರುತ್ತಾರೆ, ಸ್ಟೇಷನ್ ಹತ್ತಿರ ಕಾಫಿ ಕುಡಿದು ಹೊರಟುಬಿಡುತ್ತಾರೆ. ಲಿಮಾದಲ್ಲಿ ಕೆಲಸಕ್ಕಿರುವ ನನಗೆ ರಜೆ ಸಿಕ್ಕರೆ ಮನಸ್ಸು ಓಡುವುದು ಈ ಊರಿಗೇ. ಸ್ಪ್ಯಾನಿಷರು ಬರುವ ಮೊದಲು ಇಲ್ಲಿ ಆಳುತ್ತಿದ್ದ ಇಂಕಾ ಜನ ಹೇಗೆ ಕಟ್ಟುತ್ತಿದ್ದರು ಅಂತ ತಿಳಿಯಬೇಕಾದರೆ ಇಲ್ಲೇ ಇಳಿಯಬೇಕು. ಯಾಕಂದ್ರೆ ಇಲ್ಲಿ ಕೆಲಸ ಅರ್ಧಕ್ಕೇ ನಿಂತಿದೆ.

ಊರಿಗೆ ಅಂಟಿಕೊಂಡೇ ಗುಡ್ಡ. ಗುಡ್ಡದ ಮೈಗೆ ಕಲ್ಲು ಕಟ್ಟಿ ಮಾಡಿದ ಅಗಲವಾದ ಹಂತಗಳು, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಮೇಲೆ ಸೂರ್ಯನ ಗುಡಿ ಎನ್ನುವ ಜಾಗದಲ್ಲಿ ಆರು ಕಲ್ಲುಗಳು ಸಾಲಾಗಿ ನಿಂತಿವೆ. ನಸುಗೆಂಪು ಬಣ್ಣ, ಎರಡಾಳೆತ್ತರ. ಒಂದೊಂದೂ 50 ಟನ್ನಿನ ಆಸುಪಾಸು ತೂಗಬಹುದು ಎಂಬ ಅಂದಾಜಿದೆ. ಎರಡು ಕಲ್ಲುಗಳ ನಡುವೆ ಒಂದು ಸಣ್ಣ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಗಾರೆ ಇಲ್ಲ, ಸಂದೂ ಇಲ್ಲ. ನಾಲ್ಕನೇ ಕಲ್ಲಿನ ಮೇಲೆ ಮೆಟ್ಟಿಲಿನ ಆಕಾರದ ಉಬ್ಬುಕೆತ್ತನೆ ಸವೆದುಹೋಗಿದೆ. ಓರೆ ಬಿಸಿಲು ಬಿದ್ದರೆ ಮಾತ್ರ ಸರಿಯಾಗಿ ಕಾಣುತ್ತದೆ, ಸ್ವಲ್ಪ ಕಾಯಿರಿ.

ಈ ಕಲ್ಲು ಬಂದದ್ದು ಎಲ್ಲಿಂದ ಗೊತ್ತಾ? ಉರುಬಾಂಬಾ ನದಿಯ ಆಚೆ ಬೆಟ್ಟದ ಮೇಲಿರುವ ಕಾಚಿಕಾತಾ ಎಂಬ ಕ್ವಾರಿಯಿಂದ. ಬೆಟ್ಟದಿಂದ ಕೆಳಗಿಳಿಸಿ, ಹೊಳೆ ದಾಟಿಸಿ, ಮತ್ತೆ ಈ ಗುಡ್ಡಕ್ಕೆ ಏರಿಸಬೇಕಿತ್ತು. ಅವರ ಹತ್ತಿರ ಕಬ್ಬಿಣ ಇರಲಿಲ್ಲ, ಗಾಡಿ ಇರಲಿಲ್ಲ, ಎತ್ತು ಕುದುರೆ ಯಾವುದೂ ಇರಲಿಲ್ಲ. ಹಗ್ಗ ಹಿಡಿದು ಜನರೇ ಎಳೆದರು. ಹಂಪಿಯ ಬಂಡೆಗಳಲ್ಲಿ ಬೆಣೆ ಹೊಡೆದ ಸಾಲು ಗುಳಿಗಳನ್ನು ನೀವು ನೋಡಿರುತ್ತೀರಿ, ಅಲ್ವಾ? ಇಲ್ಲಿನ ಗುರುತೇ ಬೇರೆ. ಗಟ್ಟಿ ಗುಂಡುಕಲ್ಲಿನಿಂದ ಕುಟ್ಟಿ ಕುಟ್ಟಿ ಆಕಾರ ಕೊಟ್ಟದ್ದರಿಂದ ಕಲ್ಲಿನ ಮೈ ತುಂಬ ಸಣ್ಣ ಚುಕ್ಕೆಗಳು. ಜಾನ್ ಪಿಯರ್ ಪ್ರೊಟ್ಜನ್ ಎಂಬ ವಾಸ್ತುಶಿಲ್ಪಿ ಈ ಕ್ವಾರಿಗಳಲ್ಲಿ ಅಲೆದು, ಅಂಥದೇ ಗುಂಡುಕಲ್ಲು ಹಿಡಿದು ತಾನೇ ಕುಟ್ಟಿ ನೋಡಿ, ಹೀಗೂ ಆಗುತ್ತದೆ ಎಂದು ತೋರಿಸಿದರು. ಅನ್ಯಗ್ರಹದವರು ಕಟ್ಟಿದರು ಅಂತ ಸುಮ್ನೆ ಹೇಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬೆವರು ಸುರಿಸಿದವರಿಗೆ ಅದು ಅವಮಾನ.

ಎಷ್ಟೋ ಕಲ್ಲುಗಳು ಗುಡಿಯವರೆಗೆ ಬರಲೇ ಇಲ್ಲ. ಕ್ವಾರಿಯಿಂದ ಬರುವ ದಾರಿಯುದ್ದಕ್ಕೂ ಬಿದ್ದಿವೆ. ಊರವರು ಅವನ್ನು ದಣಿದ ಕಲ್ಲುಗಳು ಅನ್ನುತ್ತಾರೆ. ನನಗೆ ಗುಡಿಗಿಂತ ಇವೇ ಜಾಸ್ತಿ ಇಷ್ಟ.

1537ರಲ್ಲಿ ಇಂಕಾಗಳ ದೊರೆ ಮಾಂಕೊ ಇಂಕಾ ಸ್ಪ್ಯಾನಿಷ್ ಕುದುರೆ ಸೈನ್ಯವನ್ನು ಹಿಮ್ಮೆಟ್ಟಿಸಿದ್ದೂ ಇಲ್ಲೇ. ಕೆಳಗಿನ ಬಯಲಿಗೆ ನೀರು ನುಗ್ಗಿಸಿದ, ಕುದುರೆಗಳಿಗೆ ಓಡಲಾಗಲಿಲ್ಲ.

ಕೆಳಗಿನ ಊರಿನಲ್ಲಿ ಇಂಕಾ ಕಾಲದ ಓಣಿಗಳಲ್ಲೇ ಜನ ಈಗಲೂ ಸಂಸಾರ ಮಾಡುತ್ತಿದ್ದಾರೆ. ಬಾಗಿಲ ಪಕ್ಕದ ಕಲ್ಲಿನ ಕಾಲುವೆಯಲ್ಲಿ ಬೆಟ್ಟದ ನೀರು ಹರಿಯುತ್ತಲೇ ಇರುತ್ತದೆ. ಅಜ್ಜಿಯರು ಇಂಕಾಗಳ ಭಾಷೆಯಾದ ಕೆಚುವಾ ಮಾತಾಡುತ್ತಾರೆ.

ಬರುವವರಿಗೆ ಒಂದು ಮಾತು. ಇಲ್ಲಿಗೆ ಬರಲು ವಿಮಾನ ಇಳಿಯುವ ಊರು ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಲಿಮಾದಿಂದ ವಿಮಾನದಲ್ಲಿ ಬಂದಿಳಿದ ಕೂಡಲೇ ತಲೆನೋವು, ಏದುಸಿರು ಶುರುವಾಗಬಹುದು. ಒಯಂತೈತಾಂಬೊ ಸುಮಾರು 2,800 ಮೀಟರ್. ಹಾಗಾಗಿ ವಿಮಾನ ನಿಲ್ದಾಣದಿಂದ ನೇರ ಇಲ್ಲಿಗೆ ಬನ್ನಿ, ಕುಸ್ಕೊ ಆಮೇಲೆ ನೋಡಿದರಾಯಿತು. ಎದುರಿನ ಪಿಂಕುಯ್ಯುನಾ ಬೆಟ್ಟದಲ್ಲಿ ಇಂಕಾಗಳ ಕಣಜಗಳಿವೆ. ಗಾಳಿಯಾಡುವ ಆ ಎತ್ತರದಲ್ಲಿ ಕಾಳುಕಡ್ಡಿ ಕೆಡದೆ ಉಳಿಯುತ್ತಿತ್ತು. ದಾರಿ ಕಡಿದು, ಮಳೆ ಬಂದರೆ ಜಾರುತ್ತದೆ. ಒಳ್ಳೆ ಶೂ ಹಾಕಿಕೊಂಡು ಬೆಳಿಗ್ಗೆಯೇ ಹತ್ತಿ.