ಚೆಫಲುಗೆ ಬರುವುದಿದ್ದರೆ ಆಗಸ್ಟ್ ತಿಂಗಳೊಂದನ್ನು ಬಿಟ್ಟು ಬನ್ನಿ

ಸಿಸಿಲಿಯ ಉತ್ತರ ಕರಾವಳಿಯಲ್ಲಿ, ಪಲೆರ್ಮೊದಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ. ದೂರದ ಚೆಫಲು ಮೂಲತಃ ಮೀನುಗಾರರ ಊರು. ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು. 1950ರ ದಶಕದಲ್ಲಿ ಫ್ರೆಂಚ್ ಪ್ರವಾಸ ಕಂಪನಿ ಕ್ಲಬ್ ಮೆಡ್ ಇಲ್ಲಿ ರಜೆಯ ಶಿಬಿರ ತೆರೆಯಿತು. ಈಗ ಊರು ನಡೆಯುವುದೇ ಸೀಸನ್ ಲೆಕ್ಕದಲ್ಲಿ.

ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ, ಇವರಿಗೆ ಫೆರಗೊಸ್ತೊ. ಇಟಲಿಗೆ ಇಟಲಿಯೇ ಸಮುದ್ರಕ್ಕಿಳಿಯುವ ದಿನ. ಅದರ ಹಿಂದೆಮುಂದೆ ಎರಡು ವಾರ ರೂಮು ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೇಳಿ ತಲೆ ತಿರುಗುತ್ತದೆ. ಮೇ ತಿಂಗಳು ಸಸ್ತಾ, ಆದರೆ ನೀರು 18-19 ಡಿಗ್ರಿ. ಮಲ್ಪೆ, ಕಾರವಾರದ ನೀರಿನಲ್ಲಿ ಆಡಿದವರು ಮೊಣಕಾಲಿಗೆ ಬಂದೊಡನೆ ವಾಪಸ್. ಸೆಪ್ಟೆಂಬರ್ ಎರಡನೇ ವಾರದ ನಂತರ ಬಂದರೆ ನೀರಿಗೆ ಬೇಸಿಗೆಯ ಬಿಸಿ ಇನ್ನೂ ಇರುತ್ತದೆ, ಜಾತ್ರೆ ಕರಗಿರುತ್ತದೆ. ನವೆಂಬರ್ ನಂತರ ಅರ್ಧ ಹೋಟೆಲುಗಳ ಬಾಗಿಲು ಹಾಕಿರುತ್ತದೆ.

ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಶುಲ್ಕ 90 ಯೂರೋ, ವೈದ್ಯಕೀಯ ವಿಮೆಯ ರಕ್ಷಣೆ ಕನಿಷ್ಠ 30,000 ಯೂರೋದ್ದು. ಬೇಸಿಗೆಯ ಅಪಾಯಿಂಟ್‌ಮೆಂಟ್ ಬೇಗ ಮುಗಿಯುತ್ತದೆ, ತಡ ಮಾಡಬೇಡಿ.

ಪಲೆರ್ಮೊ ಚೆಂತ್ರಾಲೆ ನಿಲ್ದಾಣದಿಂದ ರೀಜನಲ್ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ದರ ಒಂದೇ, ಮುಂಚೆ ಕೊಂಡರೆ ಲಾಭವಿಲ್ಲ. ಎಡವುವುದು ಬೇರೆ ಕಡೆ: ಕಾಗದದ ಟಿಕೆಟನ್ನು ಹತ್ತುವ ಮೊದಲು ನಿಲ್ದಾಣದ ಪುಟ್ಟ ಯಂತ್ರಕ್ಕೆ ತೂರಿಸಿ ತಾರೀಖು, ಹೊತ್ತಿನ ಮುದ್ರೆ ಬೀಳಿಸಬೇಕು. ಮುದ್ರೆಯಿಲ್ಲದ ಟಿಕೆಟನ್ನು ನಾಳೆಯೂ ಬಳಸಬಹುದಲ್ಲ, ಅದಕ್ಕೇ ದಂಡ. ಟಿಸಿ ಹತ್ತಿರ "ಗೊತ್ತಿರಲಿಲ್ಲ" ಅಂದರೆ ನಡೆಯದು. ಕಾರು ಬಾಡಿಗೆ ತೆಗೆದರೆ ಝಡ್‌ಟಿಎಲ್ (ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ಪ್ರದೇಶ) ಫಲಕ ನೋಡಿ ನಿಲ್ಲಿಸಿ. ಹಳೆ ಊರಿನೊಳಗೆ ನುಗ್ಗಿದರೆ ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರ ಬರುತ್ತದೆ.

ಬೀಚಿನ ಬಹುಭಾಗ ಲಿಡೊಗಳದ್ದು, ಅಂದರೆ ಗುತ್ತಿಗೆಗೆ ಕೊಟ್ಟ ಜಾಗ. ಒಂದು ಕೊಡೆ, ಎರಡು ಮಂಚ ಒಂದು ಸೆಟ್. ನೀರಿನ ಹತ್ತಿರದ ಸಾಲಿಗೆ ದರ ಜಾಸ್ತಿ. ಮೆಡಿಟರೇನಿಯನ್‌ನಲ್ಲಿ ಉಬ್ಬರವಿಳಿತ ಗೇಣು ಒಂದೂವರೆ ಗೇಣಷ್ಟೆ, ಆದ್ದರಿಂದಲೇ ಮಂಚಗಳು ನೀರಿಗೆ ಅಷ್ಟು ಹತ್ತಿರ. ನಮ್ಮ ಕರಾವಳಿಯಲ್ಲಿ ಹಾಗೆ ಇಟ್ಟರೆ ಸಂಜೆಗೆ ತೇಲುತ್ತಿರುತ್ತವೆ. ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ 'ಸ್ಪಿಯಾಜಾ ಲಿಬೆರಾ' ಎಂದು ಬರೆದ ಬಿಟ್ಟಿ ಭಾಗವಿದೆ, ಬೆಳಿಗ್ಗೆ ಒಂಬತ್ತರೊಳಗೆ ಟವೆಲ್ ಹಾಸಿ. ಕೆಂಪು ಬಾವುಟ ಹಾರಿದರೆ ನೀರಿಗಿಳಿಯಬೇಡಿ. ಮರಳಿನಲ್ಲಿ ಮಾರುವ ನಕಲಿ ಬ್ರ್ಯಾಂಡಿನ ಚೀಲ ಕೊಂಡವರಿಗೂ 7,000 ಯೂರೋವರೆಗೆ ದಂಡವಿದೆ.

ಸಸ್ಯಾಹಾರಿ ಎಂದರೆ ಮೀನಿಗೆ ಅಡ್ಡಿಯಿಲ್ಲ ಅಂದುಕೊಳ್ಳುವವರು ಇಲ್ಲಿಯೂ ಇದ್ದಾರೆ. "ಸೆಂಜಾ ಕಾರ್ನೆ, ಸೆಂಜಾ ಪೆಶೆ, ಸೆಂಜಾ ಅಚ್ಚೂಗೆ" (ಮಾಂಸವಿಲ್ಲದೆ, ಮೀನಿಲ್ಲದೆ, ಅಚ್ಚೂಗೆಯಿಲ್ಲದೆ) ಎಂದು ಮೂರನ್ನೂ ಹೇಳಿ. ಕೊನೆಯದು ಸಾಸಿನಲ್ಲಿ ಕರಗಿ ಕಾಣದಂತಾಗುವ ಪುಟ್ಟ ಮೀನು. ಅನ್ನದ ಕರಿದ ಉಂಡೆ ಅರಾಂಚಿನಾದಲ್ಲಿ 'ಬೆಣ್ಣೆಯದ್ದು' ಎಂದು ನಂಬಿ ಕಚ್ಚಿದರೆ ಒಳಗೆ ಹ್ಯಾಮ್ ಇರುತ್ತದೆ. ಬದನೆಕಾಯಿಯ ಪಾಸ್ತಾ ಅಲ್ಲಾ ನೋರ್ಮಾ ಮೀನು-ಮಾಂಸವಿಲ್ಲದ್ದು. ಪಲೆರ್ಮೊ ಕಡೆಯ ಪನೆಲ್ಲೆಯನ್ನಂತೂ ಬಿಡಬೇಡಿ: ಕಡಲೆಹಿಟ್ಟನ್ನು ನೀರಿನಲ್ಲಿ ಕುದಿಸಿ ಗಟ್ಟಿ ಮಾಡಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಕರಿದದ್ದು. ಖಾರವಿಲ್ಲ, ನಿಂಬೆ ಹಿಂಡಿಕೊಳ್ಳಬೇಕು. ಚಟ್ನಿಪುಡಿ ಜೇಬಿನಲ್ಲಿದ್ದರೆ ಇನ್ನೂ ಒಳ್ಳೆಯದು. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಎರಡು ಮೂರು ಯೂರೋ ಕಂಡರೆ ಜಗಳಕ್ಕಿಳಿಯಬೇಡಿ, ಅದು ಕೂತ ಬಾಬ್ತು.

1131ರಲ್ಲಿ ಸಿಸಿಲಿಯ ದೊರೆ ಎರಡನೇ ರೋಜರ್ ಕಟ್ಟಿಸಲು ಶುರುಮಾಡಿದ ದುವೊಮೊ ಚರ್ಚಿಗೆ ಭುಜ, ಮೊಣಕಾಲು ಮುಚ್ಚಿಕೊಂಡು ಹೋಗಿ. ಬೀಚಿನಿಂದ ನೇರ ಬಂದವರು ಬಾಗಿಲಲ್ಲೇ ಉಳಿಯುತ್ತಾರೆ. ಸುಮಾರು 270 ಮೀಟರ್ ಎತ್ತರದ ಲಾ ರೊಕ್ಕಾ ಗುಡ್ಡವನ್ನು ಬೆಳಿಗ್ಗೆಯೇ ಹತ್ತಿ, ತಲೆಗೊಂದೂವರೆ ಲೀಟರ್ ನೀರಿರಲಿ. ಹವಾಯಿ ಚಪ್ಪಲಿ ಬೇಡ, ಸವೆದ ಕಲ್ಲು ಜಾರುತ್ತದೆ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಮುಚ್ಚಿರುವಾಗ ವಿಯಾ ವಿತ್ತೋರಿಯೊ ಎಮನುಯೆಲೆ ಬೀದಿಯ ಲವತೊಯಿಯೊಗೆ, ಅಂದರೆ ಊರವರು ಬಟ್ಟೆ ಒಗೆಯುತ್ತಿದ್ದ ಹಳೆಯ ಜಾಗಕ್ಕೆ ಇಳಿಯಿರಿ. ಕಪ್ಪು ಕಲ್ಲಿನ ಮೆಟ್ಟಿಲು, ಕೆಳಗೆ ಕಬ್ಬಿಣದ ಸಿಂಹದ ಬಾಯಿಗಳಿಂದ ತೊಟ್ಟಿಗೆ ಸುರಿಯುವ ತಣ್ಣನೆ ನೀರು, ಅಂಚಿನಲ್ಲಿ ಇಳಿಜಾರಾಗಿ ಕೂರಿಸಿದ ಕಲ್ಲುಗಳು. ನಮ್ಮ ಹಿತ್ತಲ ಬಟ್ಟೆ ಒಗೆಯುವ ಕಲ್ಲೇ. ಟಿಕೆಟ್ ಇಲ್ಲ.