ಕಪ್ಪು ಮರಳು, ಪಶು ಆಸ್ಪತ್ರೆಯ ಜಾಡಿ

ಕಳಸದಲ್ಲಿ ಬೆಳೆದ ನನಗೆ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೇ ದೊಡ್ಡ ಆಟದ ಸಾಮಾನು. ದಾರ ಕಟ್ಟಿ ಭದ್ರಾ ದಂಡೆಯಲ್ಲಿ ಎಳೆದರೆ ಕಪ್ಪು ಮರಳು ಮುಳ್ಳುಹಂದಿಯ ಹಾಗೆ ಮೈತುಂಬ ಎದ್ದು ನಿಲ್ಲುತ್ತಿತ್ತು. ಮ್ಯಾಗ್ನೆಟೈಟ್ ಅದು, ಕಬ್ಬಿಣ ಮತ್ತು ಆಕ್ಸಿಜನ್ ಸೇರಿದ ಅದಿರು. 2005ರ ಕೊನೆಗೆ ನಿಂತುಹೋದ ಕುದುರೆಮುಖದ ಗಣಿಯಲ್ಲಿ ಅಗೆಯುತ್ತಿದ್ದುದೂ ಇದನ್ನೇ.

ಈಗ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ. ಹೋದ ತಿಂಗಳು ಬೆಂಗಳೂರಿನ ಗೆಳೆಯನೊಬ್ಬ ಕಡಲೆಕಾಳಿನಷ್ಟು ಮ್ಯಾಗ್ನೆಟೈಟ್ ಹರಳು ಕೊಟ್ಟ. ತಣ್ಣಗೆ ಮಾಡಲು ದ್ರವ ನೈಟ್ರೋಜನ್ ಬೇಕಲ್ಲ? ಪಶು ಆಸ್ಪತ್ರೆಯಲ್ಲಿ ಹಸುಗಳ ವೀರ್ಯದ ಕಡ್ಡಿ ಇಡುವ ಜಾಡಿಯಿದೆ. ಡಾಕ್ಟರರ ಕೈಕಾಲು ಹಿಡಿದು ಒಂದು ಫ್ಲಾಸ್ಕ್ ತುಂಬಿಸಿಕೊಂಡೆ.

ಹೊರಗಿದ್ದಾಗ ಮಲ್ಟಿಮೀಟರ್ ಕೆಲವೇ ಓಮ್ ತೋರಿಸಿತು. ಮೈನಸ್ 196 ಡಿಗ್ರಿಯ ನೈಟ್ರೋಜನ್ನಿಗೆ ಇಳಿಸುತ್ತಾ ಹೋದಂತೆ ಕಿಲೋ-ಓಮ್‌ಗೆ ಹಾರಿತು, ಅಂದರೆ ಕರೆಂಟು ಹರಿಯುವುದು ತೀರಾ ಕಷ್ಟವಾಯಿತು. ಆದರೆ ಅಯಸ್ಕಾಂತಕ್ಕೆ ಮಾತ್ರ ಮೊದಲಿನ ಹಾಗೇ ಅಂಟಿಕೊಂಡಿತು!

ಇದರಲ್ಲಿ ಆರು ಆಕ್ಸಿಜನ್‌ಗಳ ನಡುವೆ ಕೂತ ಕಬ್ಬಿಣದಲ್ಲಿ ಅರ್ಧ ಫೆರಸ್, ಅರ್ಧ ಫೆರಿಕ್; ಫೆರಿಕ್‌ಗಿಂತ ಫೆರಸ್‌ಗೆ ಒಂದು ಎಲೆಕ್ಟ್ರಾನ್ ಜಾಸ್ತಿ. ಆ ಹೆಚ್ಚುವರಿ ಎಲೆಕ್ಟ್ರಾನ್ ಪಕ್ಕದ ಮನೆಗೆ ಜಿಗಿಯುತ್ತಾ ಇರುತ್ತದೆ, ಕರೆಂಟು ಹರಿಯುವುದೇ ಅದರಿಂದ. ಸುಮಾರು 120 ಕೆಲ್ವಿನ್ನಿನ (ಮೈನಸ್ 153 ಡಿಗ್ರಿ) ಕೆಳಗೆ, ಹೊರನಾಡಿನ ಅಂಗಳದಲ್ಲಿ ಅಡ್ಡಾಡುತ್ತಿದ್ದ ಜನ ಊಟದ ಪಂಕ್ತಿಗೆ ಕೂತಂತೆ ಈ ಎಲೆಕ್ಟ್ರಾನುಗಳೂ ಕೂರುತ್ತವೆ. 1939ರಲ್ಲಿ ಡಚ್ ವಿಜ್ಞಾನಿ ವರ್ವೆ ಹೀಗೆ ಹೇಳಿದರು. ಪಂಕ್ತಿ ಹೇಗಿದೆ ಎಂಬ ಜಗಳ ಮಾತ್ರ ದಶಕಗಟ್ಟಲೆ ನಡೆಯಿತು. 2012ರಲ್ಲಿ ಎಕ್ಸ್-ರೇ ಹಾಕಿ ನೋಡಿದರೆ ಒಂದು ಎಲೆಕ್ಟ್ರಾನ್ ಒಂದೇ ಎಲೆಗೆ ಕೂತಿರಲಿಲ್ಲ, ಸಾಲಿನಲ್ಲಿದ್ದ ಮೂರು ಕಬ್ಬಿಣಗಳ ಮೇಲೆ ಹರಡಿಕೊಂಡಿತ್ತು. ವರ್ವೆ ಬರೆದ ಚಿತ್ರ ಅಷ್ಟು ಸರಳವಲ್ಲ ಅನ್ನಿ.

ಅಯಸ್ಕಾಂತಗುಣ ಯಾಕೆ ಉಳಿಯಿತು? ಇಲ್ಲಿ ಅದನ್ನು ಮುಖ್ಯವಾಗಿ ಹಿಡಿದಿಟ್ಟಿರುವುದು ಅಡ್ಡಾಡುವ ಎಲೆಕ್ಟ್ರಾನ್ ಅಲ್ಲ, ಎರಡು ಬಗೆಯ ಜಾಗಗಳ ಕಬ್ಬಿಣಗಳು ಆಕ್ಸಿಜನ್ ಮೂಲಕ ಪರಸ್ಪರ ಎದುರುಮುಖವಾಗಿ ನಿಲ್ಲುವ ಹಟ. ಎರಡು ಕಡೆಯ ಬಲ ಸಮವಿಲ್ಲದ್ದರಿಂದ ಒಂದಿಷ್ಟು ಉಳಿಯುತ್ತದೆ.

ಮ್ಯಾಂಗನೀಸ್ ಆಕ್ಸೈಡುಗಳ ಕಥೆ ಬೇರೆ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ಗುಂಪು ಇವುಗಳ ಮೇಲೆ ಬಹಳ ದುಡಿದಿದೆ. ನಿಯೋಡಿಮಿಯಂ, ಸ್ಟ್ರಾಂಷಿಯಂ ಸಮಸಮ ಬೆರೆಸಿದ್ದನ್ನು ತಗೊಳ್ಳಿ. ಸುಮಾರು 250 ಕೆಲ್ವಿನ್ನಿನ ಕೆಳಗೆ ಅದು ಅಯಸ್ಕಾಂತ. ಜಿಗಿಯುವ ಎಲೆಕ್ಟ್ರಾನೇ ಅಲ್ಲಿ ಎಲ್ಲರೂ ಒಂದೇ ಕಡೆ ಮುಖ ಮಾಡುವಂತೆ ನೋಡಿಕೊಳ್ಳುತ್ತದೆ. ಇನ್ನೂ ತಣ್ಣಗಾಗಿ 158 ಕೆಲ್ವಿನ್ನಿನ ಸುಮಾರಿಗೆ ಆ ಎಲೆಕ್ಟ್ರಾನೂ ಪಂಕ್ತಿಗೆ ಕೂತಿತೋ, ಕರೆಂಟೂ ಹೋಯಿತು, ಅಯಸ್ಕಾಂತವೂ ಹೋಯಿತು. ಕೆಲವು ಟೆಸ್ಲಾ ಬಲದ ಕಾಂತಕ್ಷೇತ್ರ ಹಾಕಿದರೆ ಪಂಕ್ತಿ ಎದ್ದು, ಕರೆಂಟು ಮತ್ತೆ ಹರಿಯುತ್ತದೆ. ನನ್ನ ಸ್ಪೀಕರ್ ಅಯಸ್ಕಾಂತಕ್ಕೆ ಆ ತಾಕತ್ತು ಎಲ್ಲಿಂದ ಬರಬೇಕು.

ಫ್ಲಾಸ್ಕಿನಲ್ಲಿ ಉಳಿದಿದ್ದ ನೈಟ್ರೋಜನ್ ವಾಪಸು ಒಯ್ದೆ. ಡಾಕ್ಟರು ಫ್ಲಾಸ್ಕಿನೊಳಗೆ ಇಣುಕಿ, "ಕಲ್ಲು ಗಬ್ಬ ಆಯ್ತಾ ಮೇಷ್ಟ್ರೇ?" ಅಂದರು.